ಮಾವನ ಬೋಲ್ಟಿಲ್ಲದ ರೈಫಲ್

ಠಾಣೆಯ ರೈಟರು ಗೋಣಿತಾಟು ಬಿಚ್ಚಿ ನಮ್ಮ ಮಾವನ ಕೋವಿಯನ್ನು ಮೇಜಿನ ಮೇಲೆ ಮಲಗಿಸಿದಾಗ ನಾನು ಅದನ್ನು ಮೊದಲ ಸಲ ಕಣ್ತುಂಬ ನೋಡಿದೆ. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತ್ತು. ಆದರೆ ಕೋವಿ ಇರುತ್ತಿದ್ದದ್ದು ಮಾವನ ಕೋಣೆಯ ಬೀರುವಿನಲ್ಲಿ, ಬೀಗದೊಳಗೆ. ಆಯುಧಪೂಜೆಯ ದಿನ ಹೊರಗೆ ಬಂದರೂ ಹಳೇ ಪಂಚೆ ಸುತ್ತಿಕೊಂಡೇ ಬರುತ್ತಿತ್ತು. ಮಾವನೇ ಪಂಚೆ ಸರಿಸಿ ಎಣ್ಣೆ, ಕುಂಕುಮ ಹಚ್ಚುತ್ತಿದ್ದರು. ಹೆಂಗಸರು ಮುಟ್ಟುವ ಹಾಗಿರಲಿಲ್ಲ. ಅತ್ತೆ ದೂರದಿಂದ ಹೂವು ಎಸೆದು ಕೈಮುಗಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೂ ಹಾಗೇ ಎಸೆದೆ.

ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಕೋವಿಗಳು ಠಾಣೆಗೆ ಹೋಗಿ ಕೂರುತ್ತವೆ, ಮುಗಿದ ಮೇಲೆ ಮನೆಗೆ ಬರುತ್ತವೆ. ಈ ಸಲ ವಾಪಸು ಕೇಳಲು ಹೋದಾಗ ಮಾವನಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು, ಕೈ ನಡುಕ. ಇನ್ನು ಮನೆಯ ಬೇರೆಯವರ ಹೆಸರಿಗೆ ಮಾಡಿಸಿ ಎಂದರು ಠಾಣೆಯವರು. ಹಾಗೆ ಮಾಡಿಸಬೇಕಾದರೆ ಇದು ಯಾವ ಜಾತಿಯ ಆಯುಧ, ಎಂಥ ತೋಟಾ ಹಾಕುವುದು, ಮೈಮೇಲಿನ ನಂಬರೇನು, ಎಲ್ಲವೂ ಬೇಕಂತೆ. ಹಳೇ ಲೈಸೆನ್ಸಿನಲ್ಲಿ 'ಒಂಟಿ ನಳಿಗೆ ಕೋವಿ' ಎಂದಷ್ಟೇ ಇತ್ತು. ಗುರುತು ಸಿಗದಿದ್ದರೆ ಸರ್ಕಾರಕ್ಕೆ ಒಪ್ಪಿಸಬೇಕು, ಅವರು ಮುರಿದು ಹಾಕುತ್ತಾರೆ.

ನಮ್ಮನೆಯವರಿಗೆ ಅದೇ ಬೇಕಾಗಿತ್ತು. "ಒಪ್ಪಿಸ್ಬುಡಣ ಬುಡಪ್ಪ. ಯಾರ್ಗೆ ಬೇಕು ಈ ತಾಪತ್ರಯ" ಎಂದರು.

ಮಾವ ಬೆಂಚಿನ ಮೇಲೆ ಕೋಲು ಊರಿಕೊಂಡು ಕೂತಿದ್ದವರು, "ನಾನು ಸತ್ಮೇಲೆ ಒಪ್ಪಿಸು ಕಣ್ಲಾ. ಅಲ್ಗಂಟ ಅದು ನನ್ ಕಣ್ಮುಂದೆ ಇರ್ಲಿ" ಎಂದರು.

ಮಾವ ಕಾವೇರಿ ದಂಡೆಯ ಬ್ಲಫ್‌ನಲ್ಲಿ ಕರೆಂಟು ತಯಾರಿಸುವ ಮನೆಯಲ್ಲಿ ಕೆಲಸ ಮಾಡಿದವರು. ಅಲ್ಲಿದ್ದ ಒಬ್ಬ ಇಂಜಿನಿಯರು ಊರು ಬಿಟ್ಟು ಹೋಗುವಾಗ ಇವರಿಗೆ ಕೊಟ್ಟು ಹೋದ ಕೋವಿ ಇದು. ಹೊಲ ಕಾಯಲು ಎಂದು ಲೈಸೆನ್ಸು ಮಾಡಿಸಿದ್ದರು. ಇಷ್ಟು ನನಗೆ ಗೊತ್ತಿತ್ತು. ಅದು ಏನು ಕೋವಿ ಎಂಬುದು ಗೊತ್ತಿರಲಿಲ್ಲ.

ರೈಟರು ಪೆನ್ಸಿಲನ್ನು ನಳಿಗೆಯ ಬಾಯಿಗೆ ಹಿಡಿದರು. ಒಳಗೆ ಹೋಗಲಿಲ್ಲ. ಅವರ ಮುಖ ಅರಳಿತು. "ಇದು ಹಕ್ಕಿ ಒಡಿಯೋ ಗಾಳಿ ಬಂದೂಕು ಕಣಮ್ಮ. ಇಷ್ಟ್ ಸಣ್ಣ ತೂತಿನ ಕೋವಿ ಎಲ್ಲಾರ ಉಂಟಾ? ಗಾಳಿ ಬಂದೂಕಿಗೆ ಲೈಸೆನ್ಸೇ ಬ್ಯಾಡ. ಸುಮ್ಕೆ ಇಷ್ಟ್ ವರ್ಸ ಒದ್ದಾಡಿದ್ದೀರಿ."

"ಅಂಗೇ ಬರ್ಕೊಳಿ ಸಾರ್!" ನಮ್ಮನೆಯವರು ಎದ್ದೇ ನಿಂತರು. "ಗಾಳಿ ಬಂದೂಕು ಅಂತ ಬರ್ಕೊಂಡು ಕೈಗೆ ಕೊಟ್ಬುಡಿ, ಎತ್ಕೊಂಡೋಯ್ತೀವಿ."

ಅಲ್ಲಿ ಸುಮ್ಮನಿದ್ದಿದ್ದರೆ ಅರ್ಧ ಗಂಟೆಯಲ್ಲಿ ಮನೆಗೆ ಹೋಗುತ್ತಿದ್ದೆವು. ಆದರೆ ನಾನು ಅಷ್ಟು ಹೊತ್ತೂ ಕೋವಿಯ ಹಿಂಬದಿಯನ್ನೇ ನೋಡುತ್ತಿದ್ದೆ. ತೋಟಾ ಇಡುವ ಜಾಗದ ಹಿಂದೆ ಬೋಲ್ಟೆಂಬ ಉಕ್ಕಿನ ಸರಳು ಜಾರುವ ಕಾಲುವೆಯಿತ್ತು, ಪಕ್ಕದಲ್ಲಿ ಅದರ ಹಿಡಿ ಮಡಚಿ ಕೂರುವ ಕಚ್ಚು ಇತ್ತು. ನನಗೆ ಎದೆಯೊಳಗೆ ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು.

"ಗಾಳಿ ಬಂದೂಕಲ್ಲ ಸಾರ್" ಎಂದೆ. "ಪಾಯಿಂಟ್ ಟೂ ಟೂ ರೈಫಲ್. ಒಂದು ಸಲಕ್ಕೆ ಒಂದೇ ತೋಟಾ."

ನಮ್ಮನೆಯವರು ನನ್ನ ಕಡೆ ತಿರುಗಿದ ರೀತಿ ನೋಡಬೇಕಿತ್ತು. "ನೀನ್ಯಾವಾಗಮ್ಮಿ ಕೋವಿ ಇಡ್ದಿದ್ದೆ?"

ಹಿಡಿದಿದ್ದೆ. ನನ್ನ ತವರು ನಿಡಘಟ್ಟ. ಮದ್ದೂರಿನ ಕಾಲೇಜಿನಲ್ಲಿ ಓದುವಾಗ ಖಾಕಿ ತೊಟ್ಟು ಕೆಡೆಟ್ ಆಗಿದ್ದೆ. ವರ್ಷಕ್ಕೊಮ್ಮೆ ಮಂಡ್ಯದ ಹತ್ತಿರ ಗುರಿ ಹೊಡೆಯಲು ಕರೆದುಕೊಂಡು ಹೋಗುತ್ತಿದ್ದರು. ಚಾಪೆಯ ಮೇಲೆ ಹೊಟ್ಟೆ ಊರಿ ಮಲಗಿ, ರೈಫಲಿನ ಮರವನ್ನು ಕೆನ್ನೆಗೆ ಒತ್ತಿಕೊಂಡು ನಾನು ಹೊಡೆದ ಗುಂಡುಗಳು ಕಾಗದದ ಮೇಲೆ ಒಂದೇ ಎಂಟಾಣೆಯಗಲದಲ್ಲಿ ಕೂತಿದ್ದವು. ದೊಡ್ಡ ಕ್ಯಾಂಪಿಗೆ ನನ್ನನ್ನು ಆರಿಸಿದ್ದರು. ಅಷ್ಟರಲ್ಲಿ ಮಳವಳ್ಳಿಯ ಸಂಬಂಧ ಕೂಡಿಬಂತು. ಖಾಕಿಯನ್ನು ಒಗೆದು ಇಸ್ತ್ರಿ ಮಾಡಿಸಿ ವಾಪಸು ಕೊಟ್ಟೆ. ಒಳ್ಳೆಯ ಮನೆ, ಕುಡಿತವಿಲ್ಲದ ಗಂಡ, ಬೈದರೂ ಊಟ ಹಾಕಿ ಬೈಯುವ ಅತ್ತೆ. ದೇವರು ಕೊಟ್ಟದ್ದಕ್ಕೆ ನಾನು ಕೊರಗಿಲ್ಲ. ಆದರೆ ಆಯುಧಪೂಜೆಯ ದಿನ ಪಂಚೆಯೊಳಗಿನ ಆ ಉದ್ದನೆಯದಕ್ಕೆ ಹೂವು ಎಸೆಯುವಾಗ ಕೆನ್ನೆ ತಾನಾಗಿಯೇ ಮರದ ತಂಪನ್ನು ನೆನೆಸಿಕೊಳ್ಳುತ್ತಿತ್ತು. ಇದನ್ನು ಯಾರಿಗೆಂದು ಹೇಳುವುದು?

"ಎಂಗ್ ಯೋಳ್ತೀರಿ ಅದ್ನ?" ರೈಟರು ಕೇಳಿದರು. ಬೇಜಾರಿನಿಂದಲ್ಲ, ತಿಳಿದುಕೊಳ್ಳುವ ಮನಸ್ಸಿನಿಂದಲೇ ಕೇಳಿದರು. ಅದೊಂದು ಪುಣ್ಯ.

ಮಾವನ ಮುಖ ನೋಡಿದೆ. ಅವರು ತಲೆಯಾಡಿಸಿದರು. ಆಗ ಮುಟ್ಟಿದೆ.

ನಳಿಗೆಯನ್ನು ಕಿಟಕಿಯ ಕಡೆ ತಿರುಗಿಸಿ ಹಿಂದಿನಿಂದ ಇಣುಕಿದೆ. ಧೂಳಿತ್ತು, ತುಕ್ಕು ಹೆಚ್ಚಿರಲಿಲ್ಲ. ಒಳಗೋಡೆಯ ಮೇಲೆ ಗೆರೆಗಳು ಹಗ್ಗ ಹೊಸೆದ ಹಾಗೆ ನಿಧಾನವಾಗಿ ತಿರುಗುತ್ತ ಬೆಳಕಿನ ಕಡೆ ಹೋಗಿದ್ದವು. ರೈಟರಿಗೂ ತೋರಿಸಿದೆ. ಗೆರೆ ಇದ್ದರೆ ರೈಫಲ್ ಸರಿ, ಆದರೆ ಕೆಲವು ಗಾಳಿ ಬಂದೂಕಿಗೂ ಗೆರೆ ಇರುತ್ತದೆ ಎಂದು ಅವರೇ ಹೇಳಿದರು. ಅದೂ ನಿಜ. ಹಾಗಾಗಿ ತೋಟಾ ಕೂರುವ ಬಾಯನ್ನು ಸೆರಗಿನ ತುದಿಯಿಂದ ಒರೆಸಿದೆ. ಒಂದು ಮೆಟ್ಟಿಲಿನಂತೆ ಅಗಲವಾದ ಜಾಗ, ತೋಟಾದ ಅಂಚು ಕೂರಲೆಂದೇ ಕೊರೆದದ್ದು. ಆ ಅಂಚಿನ ಮೇಲ್ಭಾಗದಲ್ಲಿ ಉಗುರಿನಿಂದ ಒತ್ತಿದಂಥ ಒಂದು ಸಣ್ಣ ತಗ್ಗು.

ಅದನ್ನು ಕಂಡದ್ದೇ ಕೆಡೆಟ್ ದಿನಗಳ ನಮ್ಮ ಉಸ್ತಾದರ ಗದರಿಕೆ ಕಿವಿಯಲ್ಲಿ ಕೇಳಿತು: "ಖಾಲಿ ಹೊಡೀಬೇಡ ಬೇಟಿ, ರೈಫಲ್ ಹಲ್ಲು ಕಚ್ಕೊಳ್ಳುತ್ತೆ!" ದೊಡ್ಡ ತೋಟಾಗಳಲ್ಲಿ ಕಿಡಿ ಹತ್ತುವ ಮದ್ದು ತಳದ ನಡುಮಧ್ಯ ಇರುತ್ತದೆ. ಈ ಸಣ್ಣ ತೋಟಾದಲ್ಲಿ ಅದು ತಳದ ಅಂಚಿನ ಸುತ್ತ, ಬಳೆಯೊಳಗೆ ಅರಗು ತುಂಬಿದ ಹಾಗೆ. ಅದಕ್ಕೇ ರಿಮ್ ಫೈರ್ ಎನ್ನುವುದು. ಬೋಲ್ಟಿನ ಪಿನ್ನು ನಡುವಿಗೆ ಹೊಡೆಯದೆ ಅಂಚಿಗೆ ಹೊಡೆಯುತ್ತದೆ. ತೋಟಾ ಇಲ್ಲದೆ ಟ್ರಿಗರ್ ಒತ್ತಿದರೆ ಆ ಪಿನ್ನು ನಳಿಗೆಯ ಬಾಯಂಚನ್ನೇ ಕಚ್ಚಿಬಿಡುತ್ತದೆ. ಗಾಳಿ ಬಂದೂಕಿಗೆ ಪಿನ್ನೇ ಇಲ್ಲ, ಕಚ್ಚುವುದೆಲ್ಲಿಂದ?

ನಂಬರು ಉಳಿದಿತ್ತು. ನಳಿಗೆಯ ಬುಡದ ಎಡಗಡೆ ವರ್ಷಗಟ್ಟಲೆ ಹಚ್ಚಿದ ಎಣ್ಣೆ, ಕುಂಕುಮ ಕಪ್ಪಾಗಿ ಹೆಪ್ಪುಗಟ್ಟಿತ್ತು. ಠಾಣೆಯವರು ಒಂದು ಮುಚ್ಚಳ ಸೀಮೆಎಣ್ಣೆ ಕೊಟ್ಟರು. ಉಜ್ಜಿದೆ. ಮೊದಲು ಒಂದು ಕಿರೀಟದ ಮುದ್ರೆ ಕಂಡಿತು, ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ನಳಿಗೆ ಎಂಬ ಗುರುತು. ಅಂಕಿಗಳು ಮಾತ್ರ ಸವೆದು ಲೋಹದ ಬಣ್ಣದಲ್ಲೇ ಸೇರಿಹೋಗಿದ್ದವು. ಪರ್ಸಿನಲ್ಲಿ ವಿಭೂತಿಯ ಪೊಟ್ಟಣವಿತ್ತು. ಚಿಟಿಕೆ ತೆಗೆದು ಅಲ್ಲಿ ಉಜ್ಜಿ, ಮೇಲಿಂದ ಬೆರಳಿನಲ್ಲಿ ಸವರಿ ತೆಗೆದೆ. ತಗ್ಗಿನಲ್ಲಿ ಕೂತ ಬೂದಿ ಬೆಳ್ಳಗೆ ಉಳಿಯಿತು. ಅಂಕಿಗಳು ಒಂದೊಂದಾಗಿ ಎದ್ದು ಬಂದವು.

"ಅಮ್ಮೋರು ಕೋವಿಗೂ ಇಬೂತಿ ಬಳುದ್ರು, ಇನ್ನದು ಸನ್ಯಾಸಿನೇ ಬುಡಿ" ಎಂದು ರೈಟರು ನಗುತ್ತ ನಂಬರು ಬರೆದುಕೊಂಡರು. ಆಮೇಲೆ ಪೆನ್ನು ನಿಲ್ಲಿಸಿದರು. "ಎಲ್ಲಾ ಸರಿ. ಪಿನ್ನು ಅಂತೀರಿ, ಬೋಲ್ಟು ಅಂತೀರಿ. ಅದೆಲ್ಲಿ?"

ಇರಲಿಲ್ಲ. ಆ ಕಾಲುವೆ ಖಾಲಿಯಿತ್ತು. ಗಾಳಿ ಬಂದೂಕಾಗಿದ್ದರೆ ಬೋಲ್ಟಿನ ಮಾತೇ ಇರುತ್ತಿರಲಿಲ್ಲ. ರೈಫಲ್ ಎಂದು ಒಪ್ಪಿಕೊಂಡ ಮೇಲೆ ಅದರ ಮುಖ್ಯ ಭಾಗ ಎಲ್ಲಿ ಹೋಯಿತು, ಯಾರ ಕೈಗೆ ಹೋಯಿತು ಎಂಬುದಕ್ಕೆ ಉತ್ತರ ಬೇಕು. ಕೊಡದಿದ್ದರೆ ಅರೆಬರೆ ಆಯುಧವನ್ನು ಯಾರ ಹೆಸರಿಗೂ ಮಾಡುವುದಿಲ್ಲ, ಮುರಿಯಲು ಹೋಗುತ್ತದೆ. ಮಾವನನ್ನು ಕೇಳಿದರೆ ಅವರು ಕೋಲಿನ ತುದಿಯನ್ನೇ ನೋಡುತ್ತ ಕೂತರು.

ಹೊರಗೆ ಬಂದ ಮೇಲೆ ನಮ್ಮನೆಯವರದು ಶುರುವಾಯಿತು. "ಬಾಯ್ ಮುಚ್ಕೊಂಡಿದ್ರೆ ಕೋವಿ ಮನೆಗ್ ಬತ್ತಿತ್ತು. ನಿನ್ಗೆ ಯಾಕ್ ಬೇಕಿತ್ತು ಪಾಂಡಿತ್ಯ?"

"ಸುಳ್ಳು ಹೆಸರಲ್ಲಿ ಮನೆಗೆ ಬಂದ್ರೆ ಅದು ಬಂದಂಗಾ?" ಎಂದೆ. ಹೇಳಿದೆನೇ ಹೊರತು ಮನೆ ತಲುಪುವವರೆಗೂ ನನಗೆ ಅದೇ ಚಿಂತೆ. ಇಷ್ಟು ವರ್ಷಕ್ಕೆ ಕೈಗೆ ಸಿಕ್ಕಿದ್ದನ್ನು ನನ್ನ ಬಾಯಿಂದಲೇ ಸುತ್ತಿಗೆಗೆ ಕೊಟ್ಟೆನೇನೋ ಎಂದು.

ಮನೆಗೆ ಬಂದು ಕಾಫಿ ಕೊಟ್ಟಾಗ ಮಾವ ಲೋಟ ಕೆಳಗಿಟ್ಟು, "ಬೋಲ್ಟು ಎಲ್ಗೂ ಓಗಿಲ್ಲ ಕಣವ್ವ. ದೇವ್ರ ಗೂಡ್ನಲ್ಲೇ ಅದೆ" ಎಂದರು.

ನನಗೆ ಅರ್ಥವಾಗಲಿಲ್ಲ.

"ಅರಿಸ್ನದ ಬಟ್ಟೆ ಗಂಟು. ಮುತ್ತತ್ತಿರಾಯನ ಮುಡಿಪು ಅಂತ ದಿನಾ ಕುಂಕುಮ ಇಡ್ತೀಯಲ್ಲ, ಅದೇಯ."

ನಾವು ಮುತ್ತತ್ತಿಯ ಆಂಜನೇಯನ ಒಕ್ಕಲು. ಹರಕೆ ಹೊತ್ತವರು ದೇವರಿಗೆ ಸೇರಬೇಕಾದ್ದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಇಡುತ್ತಾರೆ. ಒಪ್ಪಿಸುವವರೆಗೆ ಅದನ್ನು ಬಿಚ್ಚಬಾರದು. ಬಿಚ್ಚಬೇಡ ಎಂದು ಅತ್ತೆ ಹೇಳಿದ್ದರು, ನಾನು ಬಿಚ್ಚಿರಲಿಲ್ಲ. ಭಾರವಿತ್ತು. ಬೆಳ್ಳಿ ಕಾಣಿಕೆಯೇನೋ ಎಂದುಕೊಂಡಿದ್ದೆ.

ಮಾವ ನಿಧಾನವಾಗಿ ಹೇಳಿದರು. ಹೊಲಕ್ಕೆ ಕೋತಿಗಳ ಹಿಂಡು ಬೀಳುತ್ತಿದ್ದ ಕಾಲ. "ಎದ್ರುಸ್ಬೇಕು ಅಂತ್ಲೇ ಒಡ್ದೆ. ಮೇಲಕ್ಕೆ ಒಡ್ದೆ ಅನ್ಕಂಡೆ. ಮರಿ ಕಟ್ಕೊಂಡಿದ್ದ ಕೋತಿ, ಬಿತ್ತು. ಆಂಜನೇಯನ ಒಕ್ಲಾಗಿ ಕೋತಿ ಒಡ್ದೆ. ನಿಮ್ಮತ್ತೆ ಅವತ್ತು ಒಲೆ ಅಚ್ನಿಲ್ಲ. ಆ ಕೋವಿ ನಾಲ್ಗೆ ಕಿತ್ಕೊಡು ಅಂದ್ಲು. ಬೋಲ್ಟ್ ತಗ್ದು ಕೊಟ್ಟೆ. ಇದ್ರಿಂದ ಇನ್ನೊಂದ್ ಜೀವ ಓಗ್ಬಾರ್ದು ಅಂತ ಕಟ್ಟಿ ಮಡಗುದ್ಲು."

"ಮುತ್ತತ್ತಿಗೆ ಒಪ್ಪಿಸ್ಲಿಲ್ವಾ ಮಾವ?"

"ದೇವ್ರ ಉಂಡಿಗೆ ಕೋವಿ ತುಂಡು ಆಕಿದ್ರೆ ಪೂಜಾರಪ್ಪ ಜೈಲಿಗೋಯ್ತಾನೆ ಅಂತ ಎದ್ರುಕೊಂಡ್ಲು."

ನಗು ಬಂತು, ಕಣ್ಣೀರೂ ಬಂತು. ಅತ್ತೆಯ ಹರಕೆಯನ್ನು ಬಿಚ್ಚಿದರೆ ರೈಫಲ್ ಉಳಿಯುತ್ತದೆ. ಬಿಚ್ಚದಿದ್ದರೆ ರೈಫಲ್ ಹೋಗುತ್ತದೆ. ನಮ್ಮನೆಯವರು, "ಕಬ್ಣದ ತುಂಡು ಕಣೇ, ಬಿಚ್ಚು" ಎಂದರು. ನನ್ನ ಕೈ ಬರಲಿಲ್ಲ.

ಶನಿವಾರ ಜನ ಹೆಚ್ಚು ಎಂದು ವಾರದ ಮಧ್ಯದ ದಿನ ನೋಡಿ ಮಾವನನ್ನು ಕರೆದುಕೊಂಡು ಮುತ್ತತ್ತಿಗೆ ಹೋದೆ. ಕಾವೇರಿಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಗಂಟನ್ನು ದೇವರ ಮುಂದಿಟ್ಟೆ. ತಪ್ಪುಕಾಣಿಕೆ ಹಾಕಿದೆ. ಬಿಚ್ಚಲೋ ಬೇಡವೋ ಎಂದು ಪ್ರಸಾದ ಕೇಳಿದೆವು. ಅರ್ಚಕರು ದೇವರ ಎರಡೂ ಭುಜಕ್ಕೆ ಹೂವು ಏರಿಸಿದರು. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಕಾದೆವು. ಮಂಗಳಾರತಿಯಾಯಿತು. ಸೀರೆ ಮೈಮೇಲೇ ಒಣಗಿತು. ಯಾವ ಹೂವೂ ಅಲುಗಲಿಲ್ಲ.

"ಏನ್ ಸ್ವಾಮಿ ಇದು?" ಎಂದೆ.

ಅರ್ಚಕರು ಗಂಟೆಯನ್ನು ಕೆಳಗಿಟ್ಟು, "ನಿನ್ ಬುದ್ಧಿಗೇ ಬುಟ್ಟವ್ನೆ ಕಣಮ್ಮ" ಎಂದರು.

ಬುದ್ಧಿಗೆ ಬಿಟ್ಟರೆ ಬಲು ಕಷ್ಟ. ಕಲ್ಲಿನ ಕಂಬಕ್ಕೆ ಒರಗಿ ಕೂತು ಯೋಚಿಸಿದೆ. ಅತ್ತೆ ಕಟ್ಟಿದ್ದು ಕಬ್ಬಿಣವನ್ನಲ್ಲ. ಇದರಿಂದ ಜೀವ ಹೋಗಬಾರದು ಎಂಬ ಮಾತನ್ನು. ಆ ಮಾತು ಉಳಿದರೆ ಅವರ ಹರಕೆ ಉಳಿದಂತೆ. ಮನೆತನದ ಹಳೇ ವಸ್ತು ಎಂದು ಇಟ್ಟುಕೊಳ್ಳುವುದಾದರೆ, ಬೋಲ್ಟನ್ನು ತೋರಿಸಿದ ಮೇಲೆ ಗುಂಡು ಹಾರದ ಹಾಗೆ ಮಾಡಿಸಿ ಇಟ್ಟುಕೊಳ್ಳಲು ಅಪ್ಪಣೆ ಸಿಗುತ್ತದೆ ಎಂದು ಠಾಣೆಯಿಂದ ಹೊರಡುವಾಗ ರೈಟರು ಹೇಳಿದ್ದರು. ಹಾಗೆ ಮಾಡಿಸಿದರೆ ರೈಫಲ್ ಮನೆಗೆ ಬರುತ್ತದೆ. ಆದರೆ ಅದು ಇನ್ನೆಂದೂ ರೈಫಲ್ ಆಗಿರುವುದಿಲ್ಲ. ಚಾಪೆಯ ಮೇಲೆ ಮಲಗಿ ಇನ್ನೊಂದೇ ಒಂದು ಸಲ, ಎಂದು ನಾನು ಒಳಗೊಳಗೇ ಆಸೆ ಕಟ್ಟಿಕೊಂಡಿದ್ದೆನಲ್ಲ, ಅದು ಅಲ್ಲಿಗೆ ಮುಗಿಯಿತು.

ಎದ್ದು ದೇವರ ಮುಂದೆ ನಿಂತು ಹೇಳಿದೆ: ಇದು ಏನೆಂದು ಗುರುತಾಗಲು ಒಂದೇ ಸಲ ಕೂಡಿಸುತ್ತೇನೆ ಸ್ವಾಮಿ, ಆಮೇಲೆ ಪಿನ್ನು ಕುಯ್ಯಿಸುತ್ತೇನೆ. ಗಂಟು ಬಿಚ್ಚಿದೆ. ಮಾವ ಪಕ್ಕದಲ್ಲೇ ಇದ್ದರು. "ನೀನೇ ಮಾತ್ ಕೊಟ್ಬುಟ್ಟೆ. ನಂದೇನದೆ" ಎಂದು ಕಂಬ ಹಿಡಿದುಕೊಂಡರು.

ಅಪ್ಪಣೆ ಬರುವುದಕ್ಕೆ ಸಾಕಷ್ಟು ತಡವಾಯಿತು. ಬಂದ ಮೇಲೆ ಒಬ್ಬ ಪೇದೆಯವರ ಜೊತೆ ರೈಫಲನ್ನು ಮಂಡ್ಯದ ಕೋವಿ ರಿಪೇರಿ ಅಂಗಡಿಗೆ ಕೊಂಡೊಯ್ಯಬೇಕಾಗಿತ್ತು. ಬಸ್ಸಿನಲ್ಲೇ ಹೋದೆವು, ಮಾವ, ನಾನು, ಪೇದೆ, ನಡುವೆ ಪಂಚೆ ಸುತ್ತಿದ ರೈಫಲ್.

"ಏನಮ್ಮ ಅದು, ಕಬ್ಬಾ?" ಕಂಡಕ್ಟರ್ ಕೇಳಿದ.

"ಊಂ, ಕಬ್ಬೇಯ. ಜಾಸ್ತಿ ಮಾತಾಡುದ್ರೆ ನಿನ್ಗೂ ಒಂದ್ ಜಲ್ಲೆ ಕೊಡ್ತೀನಿ" ಎಂದರು ಪೇದೆ.

ಅಂಗಡಿಯ ಸಾಹೇಬರು ನಮ್ಮ ಮಾವನಿಗಿಂತ ಸ್ವಲ್ಪ ಚಿಕ್ಕವರು. ರೈಫಲಿಗೆ ಸುತ್ತಿದ್ದ ಪಂಚೆಯನ್ನು ಬಿಚ್ಚಿದರು. ಎಣ್ಣೆ ಬಟ್ಟೆಯಿಂದ ಮರವನ್ನು ಒರೆಸಿದರು. ಕಪ್ಪು ಕೂತಿದ್ದ ಮರ ಜೇನಿನ ಬಣ್ಣಕ್ಕೆ ತಿರುಗಿತು, ಒಳಗಿನ ಎಳೆಗಳು ಹೊಳೆಯ ನೀರಿನ ಹಾಗೆ ಹರಿದವು. "ಅಕ್ರೋಟದ ಮರ" ಎಂದರು. "ನೋಡಿ ಅಕ್ಕ, ಇಲ್ಲಿ ಕೈಗೆ ಸಿಗೋ ಜಾಗ ಎಷ್ಟು ತೆಳ್ಳಗೆ ಎಳೆದವ್ರೆ. ಮಿಶಿನ್ ಕೆಲಸ ಅಲ್ಲ ಇದು, ಕಣ್ಣಳತೆ." ನಳಿಗೆಯ ಕಪ್ಪು ಬಣ್ಣ ಹೋಗಿ ಕಂದುಬಣ್ಣಕ್ಕೆ ಬಂದಿತ್ತು. ಅದನ್ನು ಉಜ್ಜಿ ಹೊಳೆಯಿಸಬಾರದು, ಅದೇ ಅದರ ವಯಸ್ಸು ಎಂದರು. ನಾನು ಆ ತೆಳು ಜಾಗವನ್ನು ಮುಟ್ಟಿ ನೋಡಿದೆ. ನನ್ನ ಕೈಯಳತೆಗೇ ಮಾಡಿಸಿದ ಹಾಗಿತ್ತು.

ಮಾವ ರುಜು ಹಾಕಿ, "ನಾನು ನೋಡಾಕಿಲ್ಲ. ನೀನೇ ನಿಂತು ಮಾಡ್ಸು" ಎಂದು ಎದುರಿನ ಟೀ ಅಂಗಡಿಗೆ ಹೋಗಿ ಕೂತರು.

ಬೋಲ್ಟು ಒಳಗೆ ಹೋಗಲಿಲ್ಲ. ಅರ್ಧಕ್ಕೇ ಸಿಕ್ಕಿಕೊಂಡಿತು. ವರ್ಷಗಳ ಅರಿಶಿನ, ಕುಂಕುಮ, ದೀಪದ ಜಿಡ್ಡು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, "ಇದಕ್ಕೆ ನೀವು ಮಾಡಿರೋ ಪೂಜೆ ನಂಗೆ ಮಾಡಿದ್ರೆ ನಾನೂ ಅಲ್ಲಾಡ್ತಿರ್ಲಿಲ್ಲ" ಎಂದರು. ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿದರು. ಮತ್ತೆ ಹಾಕಿದರೆ ಒಳಗೆ ಹೋಯಿತು, ಆದರೆ ಹಿಡಿ ಮಡಚಿ ಕೂರಲಿಲ್ಲ. ತೋಟಾ ಎಳೆದು ತೆಗೆಯುವ ಕೊಕ್ಕೆಯ ಸಂದಿಯಲ್ಲಿ ಕುಂಕುಮ ಕಲ್ಲಾಗಿತ್ತು. ಅಷ್ಟು ಸಣ್ಣ ಸಂದಿಗೆ ಅವರ ಉಪಕರಣ ಹೋಗಲಿಲ್ಲ. ನನ್ನ ಸೆರಗಿನ ಪಿನ್ನು ಕೊಟ್ಟೆ. ಇಬ್ಬರೂ ಸೇರಿ ಕೆದಕಿ ತೆಗೆದೆವು. ಬೋಲ್ಟಿನ ಹೊಟ್ಟೆಯ ಮೇಲಿದ್ದ ಅಂಕಿ ನಳಿಗೆಯ ನಂಬರಿನ ಬಾಲಕ್ಕೆ ಹೊಂದಿತು. ಇದೇ ಬೋಲ್ಟು, ಬೇರೆಯದಲ್ಲ ಎಂದು ಪೇದೆಯವರು ಬರೆದುಕೊಂಡರು.

ಈ ಸಲ ಹಿಡಿ ಮಡಚಿದಾಗ ಬಂದ ಶಬ್ದವನ್ನು ಬರೆಯಲು ನನಗೆ ಗೊತ್ತಿಲ್ಲ. ಒಳ್ಳೆಯ ಮರದ ಬಾಗಿಲು ಚೌಕಟ್ಟಿಗೆ ಕೂತ ಹಾಗೆ.

ಪಿನ್ನು ಅಂಚಿಗೇ ಹೊಡೆಯುತ್ತದೆಯೇ ಎಂದು ನೋಡಿ ಬರೆಯಬೇಕಿತ್ತು. ಸಾಹೇಬರು ಗೂಡಿನಿಂದ ಒಂದು ಹಳೇ ಖಾಲಿ ತೋಟಾ ತೆಗೆದು ಒಳಗಿಟ್ಟರು, ಪಿನ್ನು ನಳಿಗೆಯನ್ನು ಕಚ್ಚದಿರಲಿ ಎಂದು. ಬೋಲ್ಟಿನ ಹಿಂದಿನ ಗುಬಟನ್ನು ಎಳೆದು ಪಿನ್ನನ್ನು ಎಬ್ಬಿಸಿದರು. ಆಮೇಲೆ ರೈಫಲನ್ನು ನನ್ನ ಕಡೆ ಚಾಚಿ, "ನೀವೇ ಒತ್ತಿ ಅಕ್ಕ. ಗೋಡೆ ಕಡೆ ಹಿಡೀರಿ" ಎಂದರು.

ಪೇದೆಯವರು ಮೊಬೈಲು ನೋಡುತ್ತಿದ್ದರು. ಅದೂ ಒಂದು ಪುಣ್ಯವೇ.

ನಿಂತೇ ಹಿಡಿದೆ. ಎಡಗಾಲು ಮುಂದೆ. ಮರ ಭುಜದ ಗುಳಿಗೆ ತಾನೇ ಹುಡುಕಿಕೊಂಡು ಬಂತು. ಕೆನ್ನೆ ಮರಕ್ಕೆ ತಾಗಿತು. ತಣ್ಣಗಿತ್ತು. ಗೋಡೆಯ ಮೇಲಿನ ಒಂದು ಮೊಳೆಯನ್ನು ಗುರಿ ನೋಡುವ ಹಿಂದಿನ ಕಚ್ಚಿನಲ್ಲೂ ಮುಂದಿನ ಮಣಿಯಲ್ಲೂ ಕೂರಿಸಿದೆ. ಕನ್ನಡಕ ಬಂದಿದೆ, ಮಣಿ ಮಸುಕು, ಮೊಳೆ ಇನ್ನೂ ಮಸುಕು. ಉಸಿರು ಎಳೆದುಕೊಂಡು ಅರ್ಧ ಬಿಟ್ಟು ನಿಲ್ಲಿಸಿದೆ. ಬೆರಳನ್ನು ಒತ್ತುತ್ತ ಹೋದೆ, ಪಿನ್ನು ಯಾವಾಗ ಬೀಳುತ್ತದೆಂದು ನನಗೇ ತಿಳಿಯದ ಹಾಗೆ.

ಟಿಕ್ ಎಂದಿತು. ಮೊಳೆ ಮಣಿಯಿಂದ ಅಲುಗಿರಲಿಲ್ಲ.

ಖಾಲಿ ತೋಟಾ ಹೊರಗೆ ಬಂತು. ತಳದ ಅಂಚಿನಲ್ಲಿ ಹೊಸದೊಂದು ತಗ್ಗು, ಹಳೆಯದರ ಪಕ್ಕದಲ್ಲಿ. ಸಾಹೇಬರು ಅದನ್ನು ಪೇದೆಗೆ ತೋರಿಸಿ, ಒಂಟಿ ತೋಟಾದ ರಿಮ್ ಫೈರ್ ರೈಫಲ್, ಪಾಯಿಂಟ್ ಟೂ ಟೂ, ಕೆಲಸ ಮಾಡುತ್ತದೆ ಎಂದು ಬರೆಸಿದರು. ಆಮೇಲೆ ನನ್ನನ್ನು ನೋಡಿದರು. "ಕೈ ಅಲ್ಲಾಡ್ಲಿಲ್ಲ ನಿಮ್ದು. ಇನ್ನೊಂದ್ ಸಲ ಯೋಚ್ನೆ ಮಾಡಿ. ಲೈಸೆನ್ಸ್ ನಿಮ್ಮೆಸರಿಗೇ ಮಾಡಿಸ್ಕೊಬೋದು. ಗುರಿ ಹೊಡಿಯೋ ಜಾಗಗಳವೆ, ಕಾಗದಕ್ಕೆ ಹೊಡೀರಿ, ಯಾವ ಜೀವ ಹೋಗ್ತದೆ? ಪಿನ್ನು ಕುಯ್ದು, ನಳಿಗೆಗೆ ಬೆಸುಗೆ ಹಾಕಿದ್ರೆ ಮುಗೀತು ಅಕ್ಕ. ಇಂಥದ್ದು ಮತ್ತೆ ಹುಟ್ಟಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಅತ್ತೆ ಕಾಗದದ ಮಾತು ಆಡಿರಲಿಲ್ಲ. ನಾನು ಮುತ್ತತ್ತಿಯಲ್ಲಿ ಇದನ್ನು ಯೋಚಿಸಿದ್ದರೆ ಬೇರೆ ಮಾತು ಕೊಡುತ್ತಿದ್ದೆನೋ ಏನೋ. ಭುಜದ ಗುಳಿಯಲ್ಲಿ ಮರದ ಒತ್ತು ಇನ್ನೂ ಇತ್ತು. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಹೂವು ಬೀಳದೆ ನನ್ನ ಬುದ್ಧಿಗೆ ಬಿಟ್ಟವನ ಹತ್ತಿರ ಈಗ ಹೋಗಿ ವಕೀಲಿ ಮಾಡಲಾ?

"ಕುಯ್ಯಿರಿ ಸಾಹೇಬ್ರೆ" ಎಂದೆ.

ಗ್ರೈಂಡರಿನ ಕಿಡಿ ಹಾರುವಾಗ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ನಾನು ಮುಚ್ಚಲಿಲ್ಲ, ಸೆರಗು ಅಡ್ಡ ಹಿಡಿದು ನೋಡಿದೆ. ಪಿನ್ನಿನ ಮೂಗು ಅಕ್ಕಿಕಾಳಿನಷ್ಟು. ಅದು ಉದುರಿ ಧೂಳಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಟೀ ಅಂಗಡಿಯಲ್ಲಿ ಮಾವ ಖಾಲಿ ಲೋಟ ಹಿಡಿದುಕೊಂಡೇ ಕೂತಿದ್ದರು. ಪಕ್ಕದಲ್ಲಿ ಕೂತೆ.

"ಆಯ್ತಾ?"

"ಆಯ್ತು ಮಾವ."

"ಕುಯ್ಯಕ್ಮುಂಚೆ ಒತ್ತುದ್ಯಾ?"

ಅವರಿಗೆ ಹೇಗೆ ಗೊತ್ತಾಯಿತೋ. "ಒತ್ತುದೆ" ಎಂದೆ.

"ಎಂಗಿತ್ತು?"

"ಮೆತ್ತಗಿತ್ತು ಮಾವ. ಒತ್ತಿದ್ದೇ ಗೊತ್ತಾಗ್ಲಿಲ್ಲ."

ಮಾವ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು. ಎಷ್ಟೋ ಹೊತ್ತು ನೋಡಿದರು. "ನನ್ ಕೈಗೆ ಒಂದಿನಾನೂ ಅಂಗೆ ಸಿಕ್ನಿಲ್ಲ ಕಣವ್ವ. ನಾನು ಎಳೀತಿದ್ದೆ. ನೀನು ಕಾದಿದ್ದೀಯೆ" ಎಂದರು.

ಪೇದೆಯವರು ಪಂಚೆ ಸುತ್ತಿದ ರೈಫಲ್ ಹಿಡಿದು ಬರುವ ಹೊತ್ತಿಗೆ ಮಳವಳ್ಳಿ ಬಸ್ಸು ಬಂತು. ಮೂವರಿಗೂ ಸೀಟು ಸಿಕ್ಕಿತು, ಅದೂ ನೆರಳಿನ ಕಡೆ.